ಚುಕ್ಕಿ ಹೊಟ್ಟೆಯ ಮೀನು

ಮೀನು ಅಂಗಾತ ಬಿದ್ದಿತ್ತು.

ಬೀಗ ತೆಗೆದು ಒಳಗೆ ಬಂದು ದೀಪ ಹಾಕಿದವಳಿಗೆ ಮೊದಲು ಕಂಡದ್ದೇ ಅದು. ಗಾಜಿನ ತೊಟ್ಟಿಯ ತಳದಲ್ಲಿ, ಮುಂಗೈಯಷ್ಟುದ್ದದ ಮೀನು ಬೆನ್ನು ಕೆಳಗೆ ಮಾಡಿ ಮಲಗಿದೆ. ಬಿಳಿಚಿದ ಹೊಟ್ಟೆಯ ತುಂಬ ಮೆಣಸಿನ ಕಾಳು ಚೆಲ್ಲಿದ ಹಾಗೆ ದುಂಡು ದುಂಡು ಕಪ್ಪು ಚುಕ್ಕಿ. ಮೀನಕ್ಕನ ಎದೆ ಧಸಕ್ಕೆಂದಿತು. ತೋಳು ಮಡಿಸಿ ನೀರಿಗೆ ಕೈ ಹಾಕಿ ಬೆರಳಿಂದ ದೂಡಿದಳು. ಅಲುಗಲಿಲ್ಲ. ಬೊಗಸೆಯಲ್ಲಿ ಎತ್ತಿ ಮೂಗಿನ ಹತ್ತಿರ ತಂದಾಗ ಬಂದ ವಾಸನೆ ಮೀನಿನದಲ್ಲ, ಬ್ಲೀಚಿಂಗ್ ಪುಡಿಯದು. ಅಲ್ಲಿಗೆ ಎಲ್ಲ ಅರ್ಥವಾಯಿತು. "ಅಯ್ಯೋ, ಕೊಂದುಬಿಟ್ನಲ್ಲ" ಎಂಬ ಮಾತು ಬಾಯಿಂದ ತಾನಾಗಿಯೇ ಹೊರಬಿತ್ತು. ಮನೆಯಲ್ಲಿ ಕೇಳುವವರು ಯಾರೂ ಇರಲಿಲ್ಲ.

ನಲ್ಲಿಯ ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ಹಾಗೇ ಬಿಟ್ಟು, ಮೇಲೆ ಬ್ಲೀಚಿಂಗ್ ಕಳೆಯುವ ಔಷಧಿಯ ನಾಲ್ಕು ಹನಿ ಹಾಕಿ, ಆಮೇಲೆ ತೊಟ್ಟಿಗೆ ಸುರಿಯಬೇಕು. ಇದು ಅವಳ ಕಸುಬಿನ ಅ ಆ ಇ ಈ. ಊರಿಗೆಲ್ಲ ಈ ಪಾಠ ಹೇಳುವವಳೇ ಹಿಂದಿನ ದಿನ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಹೊತ್ತಾಯಿತೆಂದು ನಲ್ಲಿಗೆ ನೇರ ಪೈಪು ಸಿಕ್ಕಿಸಿ, ತೊಟ್ಟಿ ತುಂಬಿಸಿ ಓಡಿದ್ದಳು. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಮ್ಮನೆ ಅಲ್ಲ.

ಮೀನಕ್ಕ ಎಂದರೆ ಮೀನು ಮಾರುವವಳಲ್ಲ, ಬೇಯಿಸುವವಳೂ ಅಲ್ಲ. ಜನ ಚಂದಕ್ಕೆಂದು ಗಾಜಿನ ತೊಟ್ಟಿ ತಂದು ಇಟ್ಟುಕೊಳ್ಳುತ್ತಾರಲ್ಲ, ಮೂರು ತಿಂಗಳಿಗೆ ಬೇಸರ ಬಂದು ಅದರ ಕಡೆ ತಿರುಗಿಯೂ ನೋಡುವುದಿಲ್ಲವಲ್ಲ, ಅಂಥವನ್ನು ತೊಳೆದು ಕೊಡುವುದು ಅವಳ ಕೆಲಸ. ಕ್ಲಿನಿಕ್ಕು, ಹೋಟೆಲಿನ ಮುಂಗಟ್ಟು, ಕಾರಿನ ಶೋರೂಮು, ನಾಲ್ಕಾರು ಮನೆ. ಹೆಗಲ ಚೀಲದಲ್ಲಿ ಒಂದು ಉದ್ದ ಪೈಪು, ಸ್ಪಂಜು, ಸವೆದ ಹಲ್ಲುಜ್ಜುವ ಬ್ರಷ್ಷು. ಮೊದಲು ಅದೇ ಹಲ್ಲಿನ ಡಾಕ್ಟರ ಹತ್ತಿರ ನೆಲ ಒರೆಸುತ್ತಿದ್ದಳು. ತೊಟ್ಟಿ ತೊಳೆಯುವವನು ಹೇಳದೆ ಕೇಳದೆ ಕೈಕೊಟ್ಟಾಗ "ನಾನೇ ನೋಡ್ಕೊಳ್ತೀನಿ ಬಿಡಿ" ಎಂದು ತೋಳೇರಿಸಿದಳು. ಅವತ್ತಿನಿಂದ ಅವಳ ನಿಜವಾದ ಹೆಸರು ಪಡಿತರ ಚೀಟಿಯಲ್ಲಿ ಮಾತ್ರ ಉಳಿಯಿತು.

ಅವಳಿಗೆ ಮೀನಿನ ಗುರುತು ಕಲಿಸಿದವನು ಮೀನಿನಂಗಡಿಯ ಸೋಡಾಬುಡ್ಡಿ. ದಪ್ಪ ಕನ್ನಡಕದಿಂದ ಬಂದ ಹೆಸರು. ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ಕೆರೆದು ತಿನ್ನುವ ಸಕರ್ ಮೀನು ಇದೆಯಲ್ಲ, ದಕ್ಷಿಣ ಅಮೆರಿಕದ ನದಿಗಳಿಂದ ಬಂದು ಲೋಕದ ಎಲ್ಲ ಅಂಗಡಿಗಳಲ್ಲೂ ಕೂತಿರುವ ಜಾತಿ, ಅದರ ವಿಷಯದಲ್ಲಿ ಅವನು ದೊಡ್ಡ ಗುರು. ಈ ಮೀನಿಗೆ ಮೈಮೇಲೆ ಮೆದು ಚಿಪ್ಪಿಲ್ಲ. ಮೂಳೆಯ ತಗಡು ಹೊದ್ದುಕೊಂಡೇ ಹುಟ್ಟುತ್ತದೆ. ಕಿರುಬೆರಳಷ್ಟಿದ್ದಾಗ ಎಲ್ಲವೂ ಒಂದೇ ಹಾಗೆ ಕಾಣುತ್ತವೆ. ಒಂದು ಜಾತಿ ಅಂಗೈಯಗಲ ಬೆಳೆದು, ಮೂತಿಯ ಮೇಲೆ ಮೀಸೆ ಕುಡಿಯೊಡೆದು ಅಷ್ಟಕ್ಕೇ ನಿಲ್ಲುತ್ತದೆ. ಇನ್ನೊಂದು ನಿಲ್ಲುವುದೇ ಇಲ್ಲ, ತಂದವರ ಮನೆಯ ತೊಟ್ಟಿಗೇ ಕುತ್ತು ತರುತ್ತದೆ. "ಬೆನ್ನಿನ ರೆಕ್ಕೆ ಬಿಚ್ಚಿದಾಗ ಕಡ್ಡಿ ಎಣಿಸು ಅಕ್ಕ" ಎನ್ನುತ್ತಿದ್ದ ಸೋಡಾಬುಡ್ಡಿ. "ಏಳೆಂಟಕ್ಕೆ ಮುಗಿದ್ರೆ ಬೇರೆ ಕುಲ. ಹತ್ತು ದಾಟಿ ಹಾಯಿ ಥರ ಎದ್ದು ನಿಂತ್ರೆ ಇವನು ಬಕಾಸುರ."

ಆ ಬಕಾಸುರರಲ್ಲೂ ಅಣ್ಣತಮ್ಮಂದಿರಿಬ್ಬರು. ಬೆನ್ನು ಒಂದೇ, ರೆಕ್ಕೆ ಒಂದೇ, ಕಂದು ಬಣ್ಣವೂ ಒಂದೇ. ಗುಟ್ಟೆಲ್ಲ ಹೊಟ್ಟೆಯಲ್ಲಿ. ಒಬ್ಬನ ಹೊಟ್ಟೆಯ ಮೇಲೆ ಬಿಡಿ ಬಿಡಿ ಚುಕ್ಕಿ. ಇನ್ನೊಬ್ಬನದ್ದರಲ್ಲಿ ಚುಕ್ಕಿಗಳು ಒಂದಕ್ಕೊಂದು ಕೂಡಿ, ಒದ್ದೆ ಮಣ್ಣಿನ ಮೇಲೆ ಹುಳ ಹರಿದ ಹಾಗೆ ಸುತ್ತು ಸುತ್ತು ಗೆರೆ. ಸಾಕಣೆ ಕೊಳಗಳಲ್ಲಿ ಇಬ್ಬರೂ ಬೆರೆತು ಹುಟ್ಟಿದವೂ ಇವೆ. ಅವುಗಳ ಕುಲ ಹೇಳಲು ಅವುಗಳ ತಾಯಿಯೇ ಬರಬೇಕು. ಇಷ್ಟೆಲ್ಲ ಗೊತ್ತಿದ್ದವಳು ಮೀನಕ್ಕ. ಅಂಗಡಿಯ ಟಬ್ಬಿನೊಳಗೆ ಒಮ್ಮೆ ಬಗ್ಗಿ ನೋಡಿ "ಇದು ಮೀಸೆಯವನು, ಅದು ಬಕಾಸುರನ ಮರಿ" ಎಂದು ಬೆರಳು ತೋರಿಸುವಾಗ ಅವಳ ಮುಖದಲ್ಲಿ ಸ್ವಲ್ಪ ಗರ್ವ ಇರುತ್ತಿತ್ತು. ಇರಲಿ ಬಿಡಿ, ದುಡಿಯುವವರಿಗೆ ಅಷ್ಟಾದರೂ ಬೇಡವೇ.

ಈಗ ಅವಳ ಕೈಯಲ್ಲಿ ಸತ್ತು ಬಿದ್ದಿದ್ದ ಮೀನು ಒಬ್ಬ ಅಜ್ಜನದು.

ಅಜ್ಜ ಮೊದಲು ಹೆಸರುವಾಸಿ ದರ್ಜಿ. ನಾಲ್ಕು ವರ್ಷದ ಹಿಂದೆ ಲಕ್ವ ಹೊಡೆದು ಬಲಗಡೆಯ ಮೈಯೂ ಮಾತೂ ಒಟ್ಟಿಗೆ ಹೋದವು. ಎಡಗೈ ಮಾತ್ರ ಹಾಸಿಗೆಯ ಮೇಲೆ ಅಷ್ಟಿಷ್ಟು ಆಡುತ್ತಿತ್ತು. ಮೊದಲಿನ ತಿಂಗಳುಗಳಲ್ಲಿ ಮಗನೂ ಸೊಸೆಯೂ "ಹೌದಾದ್ರೆ ಕೈ ಎತ್ತಿ" ಎಂದು ಕೇಳಿ ನೋಡಿದರು. ಔಷಧಿಯ ಮಂಪರಿನಲ್ಲಿ ಕೈ ಒಮ್ಮೆ ಎದ್ದಿತು, ಒಮ್ಮೆ ಏಳಲಿಲ್ಲ. "ಎಷ್ಟು ಅರ್ಥ ಆಗುತ್ತೋ ಹೇಳೋಕಾಗಲ್ಲ" ಎಂದರು ಡಾಕ್ಟರು. ಕ್ರಮೇಣ ಕೇಳುವುದೇ ನಿಂತುಹೋಯಿತು. ಸೊಸೆ ಶಾಲೆಯಲ್ಲಿ ಗಣಿತದ ಟೀಚರು. ಬೆಳಿಗ್ಗೆ ಎದ್ದು ಮಾವನ ಮೈ ಒರೆಸಿ, ಮಗ್ಗುಲು ಬದಲಿಸಿ, ಗಂಜಿ ಕುಡಿಸಿ, ಕೂಲಿಯ ದಾದಿ ಬಂದ ಮೇಲೆ ಶಾಲೆಗೆ ಓಡುವವಳು. ಮಗನದು ಬಟ್ಟೆಯಂಗಡಿ. ಅವರು ಕೆಟ್ಟವರಲ್ಲ, ದಣಿದವರು. ದಣಿದವರ ಬಾಯಿ ಮಾತ್ರ ಕೆಲವೊಮ್ಮೆ ಕೆಟ್ಟವರದ್ದಕ್ಕಿಂತ ಹರಿತವಾಗಿರುತ್ತದೆ.

ಹಾಸಿಗೆಯ ಪಕ್ಕದಲ್ಲೇ ಗಾಜಿನ ತೊಟ್ಟಿ. ಅದರಲ್ಲಿ ಇದೊಂದೇ ಮೀನು. ಅಜ್ಜ ಗಟ್ಟಿಯಾಗಿದ್ದಾಗ ತಾವೇ ತಂದು ಸಾಕಿದ್ದು. ಹಗಲೆಲ್ಲ ಅದು ಅಜ್ಜನ ಮುಖದ ಕಡೆಯ ಗಾಜಿಗೆ ಬಾಯಿ ಕಚ್ಚಿ ನಿಂತಿರುತ್ತಿತ್ತು. ಅಜ್ಜ ಅದರ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ವಾರಕ್ಕೊಮ್ಮೆ ಬರುವ ಮೀನಕ್ಕ ಸ್ಟೂಲು ಹತ್ತಿ, ಮೇಲಿನಿಂದ ಕೈ ಇಳಿಬಿಟ್ಟು ಉಜ್ಜುತ್ತ ಅಜ್ಜನ ಹತ್ತಿರ ಮಾತಾಡುತ್ತಿದ್ದಳು. ಗಂಡನ ಗೊರಕೆ, ನಾದಿನಿಯ ಜಂಬ, ಕ್ಲಿನಿಕ್ಕಿನಲ್ಲಿ ಸತ್ತ ಕೆಂಪು ಮೀನಿನ ಜಾಗಕ್ಕೆ ಅಂಥದ್ದೇ ಇನ್ನೊಂದು ಬಿಟ್ಟು ಡಾಕ್ಟರಿಗೆ ಟೋಪಿ ಹಾಕಿದ್ದು, ಒಂದು ಸಲವಂತೂ ಮದುವೆಗೆ ಮುಂಚೆ ತಾನು ಮೆಚ್ಚಿದ್ದ ಇನ್ನೊಬ್ಬನ ವಿಷಯ ಕೂಡ. ಗೋಡೆಗೂ ಕಿವಿ ಇರುತ್ತದೆ ಎನ್ನುವ ಜನ ಹಾಸಿಗೆಯ ಮೇಲಿರುವ ಮನುಷ್ಯನಿಗೆ ಕಿವಿ ಇರುವುದನ್ನು ಮರೆಯುತ್ತಾರೆ.

ಎದೆಯಲ್ಲಿ ಕಫ ಕಟ್ಟಿ ಅಜ್ಜನನ್ನು ಆಸ್ಪತ್ರೆಗೆ ಸೇರಿಸಿದ್ದರು. ಬೀಗದ ಕೈ ಕೊಟ್ಟು ಟೀಚರು "ಮಾವ ಬರೋ ಅಷ್ಟರಲ್ಲಿ ತೊಟ್ಟಿ ಫಳಫಳ ಅನ್ಬೇಕು ಮೀನಕ್ಕ" ಎಂದಿದ್ದರು. ಫಳಫಳ ಅನ್ನಿಸಲು ಹೋಗಿ ಆದದ್ದು ಇದು.

ಮೀನಕ್ಕ ಸತ್ತ ಮೀನನ್ನು ಪತ್ರಿಕೆಯಲ್ಲಿ ಸುತ್ತಿ, ಹಿತ್ತಲಿನ ಮೂಲೆಯಲ್ಲಿ ಮಣ್ಣು ಮಾಡಿದಳು. ನೀರೆಲ್ಲ ಚೆಲ್ಲಿ, ಈ ಸಲ ಔಷಧಿ ಬೆರೆಸಿದ ನೀರು ತುಂಬಿಸಿ, ಸೋಡಾಬುಡ್ಡಿಯ ಅಂಗಡಿಗೆ ಓಡಿದಳು. ದೊಡ್ಡದಾಯಿತೆಂದು ಜನ ವಾಪಸು ತಂದು ಬಿಟ್ಟ ಬಕಾಸುರರು ಅಲ್ಲಿ ಸಿಮೆಂಟಿನ ಟಬ್ಬಿನ ತಳ ಕಚ್ಚಿಕೊಂಡು ಮಲಗಿರುತ್ತಿದ್ದರು. ಬಗ್ಗಿ ನೋಡಿದಳು. ಅದೇ ಉದ್ದ, ಅದೇ ಕಂದು, ಹಾಯಿಯಂಥ ಅದೇ ರೆಕ್ಕೆ. ಕಡ್ಡಿ ಎಣಿಸಿದಳು, ಸರಿಯಾಗಿತ್ತು. ಬಲೆ ಹಾಕಿದರೆ ರೆಕ್ಕೆಯ ಮುಳ್ಳು ಸಿಕ್ಕಿಕೊಳ್ಳುತ್ತದೆಂದು ಡಬ್ಬಿಯಲ್ಲೇ ಹಿಡಿದು, ತಂದು ಬಿಟ್ಟಳು. ಮೇಲಿನಿಂದ ನೋಡಿದಳು. ಸತ್ತದ್ದೇ ಎದ್ದು ಬಂದ ಹಾಗಿತ್ತು. ಉಸಿರು ಹಗುರಾಯಿತು.

ಅಜ್ಜ ಮನೆಗೆ ಬಂದರು.

ಮುಂದಿನ ವಾರ ಮೀನಕ್ಕ ಹೋದಾಗ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. "ಮಗ್ಗುಲು ಬದಲಾಯಿಸಿದ್ದೀರಾ ಟೀಚರ್?" ಎಂದು ಕೇಳಿದಳು.

"ನಾನಲ್ಲ ಮೀನಕ್ಕ. ಅವರೇ ಕುತ್ತಿಗೆ ತಿರುಗಿಸ್ಕೊಳ್ತಾರೆ. ನಾವು ಈ ಕಡೆ ತಿರುಗಿಸಿದ್ರೆ ಕಣ್ಣು ಮುಚ್ಚಿಬಿಡ್ತಾರೆ. ಬಂದ ದಿನ ಒಂದೇ ಸಲ ತೊಟ್ಟಿ ನೋಡಿದ್ದು. ಆಮೇಲಿಂದ ಹೀಗೇ. ಗಂಜಿಯೂ ಸರಿಯಾಗಿ ಇಳೀತಿಲ್ಲ."

ಬಾಗಿಲಲ್ಲಿ ನಿಂತಿದ್ದ ಮಗ ನಿಟ್ಟುಸಿರು ಬಿಟ್ಟ. "ನಮ್ಮ ಗುರುತು ಯಾವತ್ತೋ ಹೋಗಿತ್ತು. ಈಗ ಮೀನಿನ ಗುರುತೂ ಹೋಯ್ತು. ಅದೊಂದನ್ನಾದ್ರೂ ನೋಡ್ಕೊಂಡು ಇರ್ತಿದ್ರು. ಇನ್ನು ಎಲ್ಲಿ ಮಲಗಿದ್ರೇನು ಅವರಿಗೆ, ಎಲ್ಲಾ ಒಂದೇ." ನಂತರ ಹೆಂಡತಿಯ ಕಡೆ ತಿರುಗಿ, ತಂದೆಯ ತಲೆಯ ಮೇಲಿನಿಂದಲೇ ಹೇಳಿದ: "ನಾಳೆ ಫೋನ್ ಮಾಡ್ತೀನಿ. ಆ ವೃದ್ಧರ ಆರೈಕೆ ಮನೇಲಿ ಜಾಗ ಇದ್ಯಂತೆ. ನಿಜ ಹೇಳ್ಬೇಕಂದ್ರೆ ಅವತ್ತು ಲಕ್ವ ಹೊಡೆದಾಗ್ಲೇ ಹೋಗಿಬಿಟ್ಟಿದ್ರೆ ಅವರಿಗೂ ಸುಖ, ನಮಗೂ ಸುಖ."

ಟೀಚರು ಅಲ್ಲ ಎನ್ನಲಿಲ್ಲ. ಗಂಜಿಯ ಬಟ್ಟಲು ಮೀನಕ್ಕನ ಕೈಗೆ ಕೊಟ್ಟು, "ಒಂದ್ನಿಮಿಷ ತಲೆ ಹಿಡ್ಕೊಳ್ತೀರಾ? ಟವಲ್ ತರ್ತೀನಿ" ಎಂದು ಒಳಗೆ ಹೋದರು.

ಇಷ್ಟು ವರ್ಷ ಆ ಕೋಣೆಗೆ ಬಂದಿದ್ದರೂ ಮೀನಕ್ಕ ಹಾಸಿಗೆಯ ಮೇಲೆ ಕೂತವಳಲ್ಲ. ಈಗ ಕೂತಳು. ಅಜ್ಜನ ತಲೆಯನ್ನು ತೋಳಿನ ಮೇಲೆ ಇಟ್ಟುಕೊಂಡು ತಾನೂ ಬಗ್ಗಿದಳು. ಎದುರಿಗೆ ತೊಟ್ಟಿ. ಹೊಸ ಮೀನು ಗಾಜಿಗೆ ಬಾಯಿ ಕಚ್ಚಿ, ಪೂರ್ತಿ ಹೊಟ್ಟೆಯನ್ನು ದಿಂಬಿನ ಕಡೆಗೆ ತೋರಿಸಿಕೊಂಡು ನಿಂತಿತ್ತು.

ಸುತ್ತು ಸುತ್ತು ಗೆರೆ. ಹುಳ ಹರಿದ ಹಾಗೆ. ಒಂದೇ ಒಂದು ಬಿಡಿ ಚುಕ್ಕಿ ಇಲ್ಲ.

ಮೀನಕ್ಕ ದಂಗಾಗಿ ಕೂತಳು. ಬಟ್ಟಲಿನ ಗಂಜಿ ತುಳುಕಿ ಅವಳ ಮಡಿಲಿಗೆ ಚೆಲ್ಲಿತು, ಅದೂ ತಿಳಿಯಲಿಲ್ಲ. ಮೀನಿನಂಗಡಿಯವರೂ ತೊಟ್ಟಿ ತೊಳೆಯುವವರೂ ಮೀನನ್ನು ಮೇಲಿನಿಂದ ನೋಡುತ್ತಾರೆ. ಬೆನ್ನು ನೋಡುತ್ತಾರೆ, ಕಡ್ಡಿ ಎಣಿಸುತ್ತಾರೆ. ಅವಸರದಲ್ಲಿ ಅವಳೂ ಅಷ್ಟನ್ನೇ ನೋಡಿದ್ದಳು. ಆದರೆ ಗಾಜಿಗಂಟುವ ಮೀನಿನ ಬೆನ್ನನ್ನು ದಿಂಬಿನ ಮೇಲೆ ತಲೆ ಇಟ್ಟವರು ನೋಡುವುದಿಲ್ಲ. ಅವರಿಗೆ ಕಾಣುವುದು ಹೊಟ್ಟೆ. ನಾಲ್ಕು ವರ್ಷ ಹಗಲೆಲ್ಲ ಅಜ್ಜ ನೋಡಿದ್ದು ಹೊಟ್ಟೆಯನ್ನು. ಹೂವಿನ ಬಟ್ಟೆ ಹೊಲಿಯುವಾಗ ಹೂವಿಗೆ ಹೂವು ಕೂಡದಿದ್ದರೆ ಹೊಲಿಗೆ ಬಿಚ್ಚಿಸುತ್ತಿದ್ದ ಕಣ್ಣು ಅದು. ಅದರ ಮುಂದೆ ಅವಳು ಚುಕ್ಕಿಯನ್ನು ತೆಗೆದು ಗೆರೆಯನ್ನು ತೂಗುಹಾಕಿದ್ದಳು.

ಹಾಗಾದರೆ ಅಜ್ಜನಿಗೆ ಮೀನಿನ ಗುರುತು ಹೋಗಿಲ್ಲ. ಗುರುತು ಇರುವುದಕ್ಕೇ ಮುಖ ತಿರುಗಿಸಿದ್ದಾರೆ.

ಆ ಯೋಚನೆಯ ಬೆನ್ನಿಗೇ ಇನ್ನೊಂದು ಬಂತು. ಗುರುತು ಇದೆ ಎಂದರೆ ಬುದ್ಧಿ ಇದೆ. ಬುದ್ಧಿ ಇದೆ ಎಂದರೆ ಕಿವಿಯೂ ಇದೆ. ಈಗ ತಾನೇ ಮಗ ಹೇಳಿದ ಮಾತು... ಆಮೇಲೆ ತನ್ನ ಮದುವೆಗೆ ಮುಂಚಿನ ಆ ಇನ್ನೊಬ್ಬ ನೆನಪಾಗಿ "ಅಯ್ಯೋ ನನ್ನ ಕರ್ಮವೇ" ಎಂದು ನಾಲಿಗೆ ಕಚ್ಚಿಕೊಂಡಳು. ಅಜ್ಜ ಕಣ್ಣು ಮುಚ್ಚಿಕೊಂಡೇ ಇದ್ದರು. ಟವಲು ತಂದ ಟೀಚರು "ಯಾಕೆ ಮೀನಕ್ಕ, ಮುಖ ಹೀಗಾಗಿದೆ?" ಎಂದರೆ "ತಲೆ ಸುತ್ತು" ಎಂದು ಎದ್ದು ಹೊರಟಳು.

ಸಂಜೆ ಗಂಡನಿಗೆ ಹೇಳಿದಳು. ಗಂಡ ಗೋಡೆಗೆ ಬಣ್ಣ ಬಳಿಯುವವನು, ಮನೆಗೆ ಬಂದ ಮೇಲೂ ಉಗುರಿನಲ್ಲಿ ಬಿಳಿ ಬಣ್ಣ. ಅವನು ಪೂರ್ತಿ ಕೇಳಿ, ಬಾಯಿ ತೆರೆದುಕೊಂಡು ಕೂತ.

"ಮುದುಕರಿಗೆ ಎಲ್ಲಾ ತಿಳೀತಿತ್ತು ಅಂತೀಯಾ?"

"ಅಷ್ಟೂ ತಿಳೀತಿತ್ತು ಅಂತ ಕಾಣುತ್ತೆ ರೀ."

"ಮತ್ತೆ ನೀನು ಅಲ್ಲಿ ನನ್ನ ಬಗ್ಗೆ ಏನೂ ಹೇಳಿಲ್ಲ ತಾನೇ?"

"ಗೊರಕೆ ಮಾತ್ರ" ಎಂದಳು ಮೀನಕ್ಕ, ನೆಲ ನೋಡುತ್ತ.

ಗಂಡ ತಲೆ ಕೆರೆದುಕೊಂಡ. "ಹೇಳಿದ್ರೆ ಏನಾಗುತ್ತೆ ಗೊತ್ತಾ? ಮೀನು ಕೊಂದು, ಬೇರೆ ಮೀನು ಬಿಟ್ಟು, ಸುಮ್ಮನೆ ಇದ್ದೋಳು ಅಂತಾರೆ. ನಿನಗೆ ಮನೆ ಮನೆ ಕೆಲಸ ಕೊಡ್ಸಿದ್ದೇ ಆ ಟೀಚರು. ಬೀಗದ ಕೈ ಕೊಟ್ಟು ಹೋಗ್ತಾರೆ ಜನ. ನಾಳೆ ಯಾರು ಕೊಡ್ತಾರೆ? ಅವರಪ್ಪನ್ನ ಅವರು ಎಲ್ಲಾದ್ರೂ ಇಟ್ಕೊಳ್ಲಿ. ಸುಮ್ಮನಿರಲಾರ್ದೆ ಇರುವೆ ಯಾಕೆ ಬಿಟ್ಕೊಳ್ತೀಯಾ?"

ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಕೀಲಿ ನಂಬಿ ಕೊಡುವ ಕಸುಬು ಅದು, ಒಮ್ಮೆ ನಂಬಿಕೆ ಹೋದರೆ ಪೈಪು ಸ್ಪಂಜು ಮೂಲೆಗೆ ಎಸೆಯಬೇಕು. ಮೀನಕ್ಕ ಬಾಯಿ ಹೊಲಿದುಕೊಂಡಳು. ಆದರೆ ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಂತಾಯಿತು, ನುಂಗುವಂತಿಲ್ಲ ಉಗುಳುವಂತಿಲ್ಲ. ಕ್ಲಿನಿಕ್ಕಿನ ತೊಟ್ಟಿ ಉಜ್ಜುವಾಗಲೂ ಗೋಡೆಯ ಕಡೆ ತಿರುಗಿದ ಆ ಕುತ್ತಿಗೆಯೇ ಕಣ್ಣೆದುರು ಬರುತ್ತಿತ್ತು. ಎರಡು ದಿನ ಬಿಟ್ಟು ಟೀಚರ ಫೋನು ಬಂತು. "ಮಾವನ್ನ ಶನಿವಾರ ಬೆಳಿಗ್ಗೆ ಕರ್ಕೊಂಡು ಹೋಗ್ತಾರೆ. ಇನ್ನು ತೊಟ್ಟಿ ಯಾಕೆ? ಮೀನು ಸಮೇತ ನೀವೇ ತಗೊಂಡು ಹೋಗಿಬಿಡಿ ಮೀನಕ್ಕ."

ಶನಿವಾರ ಅವಳು ಖಾಲಿ ಡಬ್ಬಿ ಹಿಡಿದು ಹೋದಾಗ ಗೇಟಿನ ಹೊರಗೆ ಆರೈಕೆ ಮನೆಯ ವ್ಯಾನು ನಿಂತಿತ್ತು. ಬಾಗಿಲ ಬಳಿ ಜಿಪ್ಪಿನ ಚೀಲ, ಒಂದು ಜೊತೆ ಹವಾಯಿ ಚಪ್ಪಲಿ. ನಡೆಯದವರಿಗೆ ಚಪ್ಪಲಿ ಯಾಕೋ, ಯಾರು ಇಟ್ಟರೋ. ಅಜ್ಜನಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಅವರು ಗೋಡೆ ನೋಡುತ್ತಿದ್ದರು. ಗಾಲಿಕುರ್ಚಿ ತಳ್ಳಿಕೊಂಡು ಬಂದ ಇಬ್ಬರಿಗೆ ಮಗ ಹೇಳುತ್ತಿದ್ದ: "ಏನೂ ತೊಂದ್ರೆ ಕೊಡಲ್ಲ. ಎಲ್ಲಿಗೆ ಹೋಗ್ತಿದ್ದೀನಿ ಅಂತಾನೂ ಗೊತ್ತಾಗಲ್ಲ ಪಾಪ."

"ಗೊತ್ತಾಗುತ್ತೆ" ಎಂದಳು ಮೀನಕ್ಕ.

ಅದು ಯಾರ ಬಾಯಿಂದ ಬಂತು ಎಂದು ಅವಳೇ ಬೆಚ್ಚಿದಳು. ಎಲ್ಲರೂ ತಿರುಗಿ ನೋಡಿದರು. ಇನ್ನು ಹಿಂದೆ ಹೋಗುವ ದಾರಿ ಇರಲಿಲ್ಲ.

"ಇದು ಆ ಮೀನಲ್ಲ ಸರ್. ಅಜ್ಜ ಆಸ್ಪತ್ರೇಲಿ ಇದ್ದಾಗ ಅದು ಸತ್ತೋಯ್ತು. ನಾನೇ ಕೊಂದಿದ್ದು, ನಲ್ಲಿ ನೀರು ನೇರ ತೊಟ್ಟಿಗೆ ತುಂಬ್ಸಿ. ಹೆದ್ರಿಕೊಂಡು ಇದನ್ನ ತಂದು ಹಾಕಿದೆ. ಅಜ್ಜಂಗೆ ಮೀನಿನ ಗುರುತು ಹೋಗಿಲ್ಲ. ಇದು ಬೇರೆ ಅಂತ ಗೊತ್ತಾಗಿ ಮುಖ ತಿರುಗಿಸಿರೋದು."

ಮಗನ ಮುಖ ಕೆಂಪಾಯಿತು. "ಏನಮ್ಮಾ ಹೇಳ್ತಿದ್ದೀಯಾ? ಅವತ್ತಿಂದ ಸುಮ್ಮನೆ ಇದ್ದು, ಈಗ ವ್ಯಾನು ಬಂದ ಮೇಲೆ..."

"ಒಂದ್ನಿಮಿಷ ಇರಿ" ಎಂದರು ಟೀಚರು. ಅವರ ದನಿ ಸಣ್ಣಗಾಗಿತ್ತು. "ಎರಡೂ ಒಂದೇ ಥರ ಇದ್ಯಲ್ಲ ಮೀನಕ್ಕ. ನನಗೇ ಗೊತ್ತಾಗಿಲ್ಲ. ಅವರಿಗೆ ಹೇಗೆ?"

"ನೀವು ನಿಂತ್ಕೊಂಡು ನೋಡ್ತೀರ ಟೀಚರ್. ಅವರು ಮಲಗಿ ನೋಡ್ತಾರೆ. ಹೊಟ್ಟೆ ನೋಡಿ. ಹಳೇ ಫೋಟೋ ಇದ್ರೆ ತೆಗೀರಿ."

ಟೀಚರು ಫೋನು ಹಿಡಿದು ಹಿಂದೆ ಹಿಂದೆ ಸರಿಸುತ್ತ ಹೋದರು. ಅಜ್ಜನ ಹುಟ್ಟಿದ ದಿನ ದಿಂಬಿನ ಪಕ್ಕ ಕೂತು ತೆಗೆದ ಚಿತ್ರ ಸಿಕ್ಕಿತು. ಹಿಂದುಗಡೆ ಗಾಜು, ಗಾಜಿನ ಮೇಲೆ ಮೀನು. ಎರಡು ಬೆರಳಿನಿಂದ ಅಗಲಿಸಿದರು. ಚುಕ್ಕಿ, ಎಣಿಸಬಹುದಾದಷ್ಟು ಬಿಡಿ ಬಿಡಿ ಚುಕ್ಕಿ. ಫೋನು ಹಿಡಿದುಕೊಂಡೇ ಹಾಸಿಗೆಯ ಪಕ್ಕ ಮಂಡಿಯೂರಿ, ತಲೆಯನ್ನು ದಿಂಬಿನ ಮಟ್ಟಕ್ಕೆ ತಂದು ತೊಟ್ಟಿ ನೋಡಿದರು. ಗೆರೆ. ಮತ್ತೆ ಫೋನು ನೋಡಿದರು. ಗಣಿತ ಹೇಳುವವರು, ಲೆಕ್ಕ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಬೇಗ ತಿಳಿಯಿತು.

"ಕಾಕತಾಳೀಯ ಇರ್ಬಹುದು" ಎಂದ ಮಗ. ಅವನ ದನಿಯಲ್ಲೇ ನಂಬಿಕೆ ಇರಲಿಲ್ಲ.

ಮೀನಕ್ಕ ಹಾಸಿಗೆಯ ಆಚೆ ಬದಿಗೆ, ಗೋಡೆಗೂ ಅಜ್ಜನಿಗೂ ನಡುವಿನ ಸಂದಿಗೆ ನುಸುಳಿ ಅವರ ಮುಖದೆದುರು ಕೂತಳು. "ಅಜ್ಜಾ, ನಿಮ್ಮ ಮೀನು ಸತ್ತೋಯ್ತು. ನನ್ನ ಕೈಯಿಂದ್ಲೇ ಸತ್ತೋಯ್ತು. ಹಿತ್ತಲಲ್ಲಿ ಮಣ್ಣು ಮಾಡಿದ್ದೀನಿ. ನಿಮಗೆ ಹೇಳ್ಲಿಲ್ಲ, ತಪ್ಪಾಯ್ತು."

ಅಜ್ಜ ಅವಳನ್ನೇ ನೋಡಿದರು. ನೋಡುತ್ತಿದ್ದಂತೆ ಅವರ ಎಡಗಣ್ಣಿನ ಅಂಚಿನಲ್ಲಿ ನೀರು ತುಂಬಿ, ಮೂಗಿನ ದಂಡೆ ದಾಟಿ ದಿಂಬಿಗೆ ಇಳಿಯಿತು. ಕೊರಡಿನಂತಿದ್ದ ಬಾಯಿ ಒಂದು ಬದಿ ಮಾತ್ರ ಅದುರಿತು. ಗಂಟಲಿನಿಂದ ಬಂದ ಸದ್ದಿಗೆ ಗಾಲಿಕುರ್ಚಿಯವನೂ ಒಂದು ಹೆಜ್ಜೆ ಹಿಂದೆ ಸರಿದ. ಅದು ಅಳು. ಯಾರಿಗೂ ಅನುಮಾನ ಬರುವಂತಿರಲಿಲ್ಲ.

"ಅಪ್ಪಾ" ಎಂದ ಮಗ. ನಾಲ್ಕು ವರ್ಷದಲ್ಲಿ ತಂದೆಯನ್ನು ಅವನು ಕರೆದದ್ದೇ ಅಪರೂಪ, ತಂದೆಯ ಬಗ್ಗೆ ಮಾತಾಡಿದ್ದೇ ಹೆಚ್ಚು.

ಟೀಚರು ಹಾಸಿಗೆಯ ಅಂಚು ಹಿಡಿದುಕೊಂಡೇ ಕೇಳಿದರು. "ಮಾವ, ನಾನು ಹೇಳೋದು ಅರ್ಥ ಆಗ್ತಿದ್ಯಾ? ಆಗ್ತಿದ್ರೆ ಕೈ ಎತ್ತಿ."

ಎಡಗೈ ಎದ್ದಿತು. ನಿಧಾನವಾಗಿ, ಆದರೆ ಎದ್ದಿತು.

"ಇಷ್ಟು ದಿನಾನೂ?" ಟೀಚರು ಇನ್ನೂ ಹತ್ತಿರ ಬಗ್ಗಿದರು. "ನಾವು ಈ ರೂಮಲ್ಲಿ ಮಾತಾಡಿದ್ದೆಲ್ಲಾ... ಕೇಳಿಸ್ತಿತ್ತಾ?"

ಕೈ ಕೆಳಗಿಳಿದು ಸ್ವಲ್ಪ ಹೊತ್ತು ಹೊದಿಕೆಯ ಮೇಲೆ ಬಿದ್ದಿತ್ತು. ಇಳಿದೇ ಇರಲಿ ಎಂದು ಆ ಕೋಣೆಯಲ್ಲಿ ಇಬ್ಬರು ಆಸೆಪಟ್ಟಿರಬೇಕು. ಮತ್ತೆ ಎದ್ದಿತು.

ಟೀಚರು ಬಾಯಿಗೆ ಸೆರಗು ಒತ್ತಿಕೊಂಡರು. ಮಗ ಸಿಡಿಲು ಬಡಿದವನ ಹಾಗೆ ನಿಂತಿದ್ದ. ಅವನು ಹೇಳಿದ್ದು ಏನೇನು? ವಾಸನೆಯ ಮಾತು, ನೆಂಟರೆದುರು ಆಡಿದ ಮಾತು, ಈ ಕೋಣೆ ಖಾಲಿಯಾದರೆ ಏನು ಮಾಡಬಹುದು ಎಂದು ಗಂಡ ಹೆಂಡತಿ ಇದೇ ಮಂಚದ ಪಕ್ಕ ನಿಂತು ಅಳತೆ ಹಿಡಿದು ನೋಡಿದ್ದು, ಮೊನ್ನೆ ಮೊನ್ನೆ ಸುಖದ ಬಗ್ಗೆ ಹೇಳಿದ್ದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆ ಕೋಣೆಯಲ್ಲಿ ಒಡೆದ ಮುತ್ತು ಗುಡಿಸಲು ಒಂದು ಪೊರಕೆ ಸಾಲುತ್ತಿರಲಿಲ್ಲ. ಮೀನಕ್ಕನಿಗೆ ತಾನು ಅಲ್ಲಿ ಇರಬಾರದಿತ್ತು ಅನ್ನಿಸಿತು. ಆದರೆ ಅವಳು ಗೋಡೆಗೂ ಮಂಚಕ್ಕೂ ನಡುವೆ ಸಿಕ್ಕಿಕೊಂಡಿದ್ದಳು.

ಮಗ ತಟ್ಟನೆ ಗಾಲಿಕುರ್ಚಿಯವರ ಕಡೆ ತಿರುಗಿದ. "ನೀವು ಹೋಗಿ. ವ್ಯಾನ್ ವಾಪಸ್ ತಗೊಂಡು ಹೋಗಿ. ನಮ್ಮಪ್ಪ ಎಲ್ಲಿಗೂ ಬರಲ್ಲ." ಆಮೇಲೆ ಹಾಸಿಗೆಯ ಬಳಿ ಕುಸಿದು ಕೂತು ಆ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನೀವು ಎಲ್ಲಿಗೂ ಹೋಗೋದು ಬೇಡಪ್ಪಾ. ಇಲ್ಲೇ ಇರಿ. ಇನ್ನು ಮೇಲೆ ಎಲ್ಲಾ ನಿಮ್ಮನ್ನ ಕೇಳಿಯೇ ಮಾಡ್ತೀವಿ. ನಿಮಗೆ ಏನು ಬೇಕು ಹೇಳಿ, ಏನು ಬೇಕಾದ್ರೂ."

ಮೀನಕ್ಕನ ಕಣ್ಣು ತುಂಬಿತು. ಕೆಲಸ ಹೋದರೆ ಹೋಗಲಿ, ಒಬ್ಬ ಮನುಷ್ಯ ತನ್ನ ಮನೆಯಲ್ಲಿ ಉಳಿದನಲ್ಲ ಎಂದುಕೊಂಡಳು.

ಅಜ್ಜ ಕೈಯನ್ನು ಮಗನ ಹಿಡಿತದಿಂದ ಮೆಲ್ಲಗೆ ಬಿಡಿಸಿಕೊಂಡರು. ಬೆರಳು ಚಾಚಿದರು.

"ನೀರಾ ಮಾವ?" ಎಂದು ಟೀಚರು ಲೋಟ ತಂದರು. ಅಲ್ಲ. ಬೆರಳು ಬಾಗಿಲ ಕಡೆಗಿತ್ತು, ಬಾಗಿಲ ಬಳಿಯ ಚೀಲದ ಕಡೆಗೆ.

"ಬ್ಯಾಗಾ? ಬ್ಯಾಗಲ್ಲಿ ಏನು ಬೇಕಪ್ಪಾ?" ಮಗ ಓಡಿಹೋಗಿ ಚೀಲ ತಂದು ಜಿಪ್ಪು ಎಳೆದ. ಒಂದು ಅಂಗಿ ತೆಗೆದು ತೋರಿಸಿದ. ಇನ್ನೊಂದು ತೋರಿಸಿದ. ಶಾಲು, ಟವಲು, ಔಷಧಿಯ ಡಬ್ಬಿ, ಒಂದೊಂದನ್ನೇ ತೆಗೆದು ಹಾಸಿಗೆಯ ಮೇಲೆ ಹರಡಿದ. ಬೆರಳು ಯಾವುದರ ಮೇಲೂ ನಿಲ್ಲಲಿಲ್ಲ. ಚೀಲ ಖಾಲಿಯಾದ ಮೇಲೆ ಅದು ಖಾಲಿ ಚೀಲವನ್ನೂ ದಾಟಿ, ಬಾಗಿಲನ್ನೂ ದಾಟಿ, ಹೊರಗೆ ಗೇಟಿನಲ್ಲಿ ಇನ್ನೂ ನಿಂತಿದ್ದ ವ್ಯಾನನ್ನು ತೋರಿಸಿ, ಅಲ್ಲೇ ನಿಂತಿತು. ನಡುಗಲಿಲ್ಲ.

ಮಗ ಆ ಬೆರಳನ್ನೇ ನೋಡುತ್ತ ಉಳಿದ. "ಯಾಕಪ್ಪಾ" ಎಂದು ಕೇಳಲು ಬಾಯಿ ತೆರೆದವನು ಕೇಳಲಿಲ್ಲ. ಯಾಕೆ ಎಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಟೀಚರು ನೀರಿನ ಲೋಟ ಹಿಡಿದುಕೊಂಡು ನಿಂತೇ ಇದ್ದರು. ಗಾಲಿಕುರ್ಚಿಯವರು ಬಾಗಿಲಲ್ಲಿ ಹೋಗುವುದೋ ನಿಲ್ಲುವುದೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೈ ಇಳಿಯಲಿಲ್ಲ, ಮನೆಯವರು ಯಾರೂ ಅಲುಗಲಿಲ್ಲ.

ಕೊನೆಗೆ ಮೀನಕ್ಕ ಸಂದಿಯಿಂದ ಎದ್ದು ಬಂದಳು. ಹಾಸಿಗೆಯ ಮೇಲೆ ಹರಡಿದ್ದ ಅಂಗಿಗಳನ್ನು ಒಂದೊಂದಾಗಿ ಮಡಿಸಿ ಚೀಲಕ್ಕೆ ತುಂಬಿ, ಜಿಪ್ಪು ಎಳೆದಳು.